ದಾವಣಗೆರೆ ಚಳಿಯಲ್ಲಿ ಮನೆ ಮುಂದೇನೇ ಕಾರ್ ತೊಳೆಯೋದು ಹೆಂಗೆ: ಇಬ್ಬನಿ, ಧೂಳು, ಬೋರ್ ನೀರಿನ ಪೂರ್ತಿ ಲೆಕ್ಕ

ಡಿಸೆಂಬರ್, ಜನವರಿ ಬೆಳಿಗ್ಗೆ ಏಳು ಗಂಟೆಗೆ ವಿದ್ಯಾನಗರ ಆಗ್ಲಿ ನಿಟುವಳ್ಳಿ ಆಗ್ಲಿ ಎಂಸಿಸಿ ಬಿ ಬ್ಲಾಕ್ ಆಗ್ಲಿ, ಯಾವ ರಸ್ತೆಗೆ ಹೋದ್ರೂ ಒಂದು ಕೆಲಸ ನಡೀತಾ ಇರ್ತೈತೆ. ಮಂಕಿ ಕ್ಯಾಪ್ ಹಾಕ್ಕೊಂಡು ಯಾರಾದ್ರೂ ಒಬ್ರು ಹಳದಿ ಬಟ್ಟೆ ಹಿಡ್ಕೊಂಡು ಕಾರ್ ಮೇಲಿನ ಇಬ್ಬನಿ ಒರೆಸ್ತಾ ಇರ್ತಾರೆ. ನೀರು ಹೆಂಗೂ ಪುಕ್ಕಟೆ ಬಿದ್ದೈತೆ, ಬಕೆಟ್ ಹೊರೋದು ತಪ್ತು, ಒರೆಸಿದ ತಕ್ಷಣ ಕಾರ್ ಫಳಫಳ ಅಂತೈತೆ, ಅವ್ರಿಗೂ ಖುಷಿ. ಆದ್ರೆ ನಮ್ಮ ಕಡೆ ಚಳಿಗಾಲದಲ್ಲಿ ಕಾರಿನ ಪೇಂಟಿಗೆ ಬೀಳೋ ದೊಡ್ಡ ಪೆಟ್ಟು ಇದೇ ನೋಡ್ರಿ, ಚಳಿ ಅಲ್ವೇ ಅಲ್ಲ.

ಯಾಕಂದ್ರೆ ಇಬ್ಬನಿ ಬೀಳೋದು ತೊಳೆದ ಕಾರ್ ಮೇಲಲ್ಲ, ಹಿಂದಿನ ದಿನ ಪೂರ್ತಿ ಧೂಳು ಕೂತಿರೋ ಕಾರ್ ಮೇಲೆ. ಆ ಧೂಳು ಇಬ್ಬನಿಲಿ ಕಲಸಿ ರಾಡಿ ಆಗಿರ್ತೈತೆ, ಅದ್ರ ಮೇಲೆ ಬಟ್ಟೆ ಇಟ್ಟು ಉಜ್ಜಿದ್ರೆ ಮರಳಿನ ಕಣ ಅಷ್ಟೂ ಪೇಂಟ್ ಮೇಲೆ ಎಳೆದಾಡ್ತೈತೆ. ಈಗಿನ ಕಾರುಗಳಿಗೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರ್ತೈತೆ, ದಪ್ಪ ಸುಮಾರು 40-50 ಮೈಕ್ರಾನ್, ಅಂದ್ರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಹೊಳಪು ಅಂತ ನಾವು ಏನ್ ನೋಡ್ತೀವೋ ಅದೆಲ್ಲ ಅಲ್ಲೇ ಇರೋದು. ನಂಬಿಕೆ ಬರ್ಲಿಲ್ಲ ಅಂದ್ರೆ ಕಪ್ಪು ಇಲ್ಲ ಕಡು ನೀಲಿ ಕಾರಿನ ಬಾನೆಟ್ ಮೇಲೆ ರಾತ್ರಿ ಮೊಬೈಲ್ ಟಾರ್ಚ್ ಬಿಟ್ಟು ನೋಡ್ರಿ, ಬೆಳಕಿನ ಸುತ್ತ ಜೇಡರ ಬಲೆ ತರ ಸಣ್ಣ ಸಣ್ಣ ಗೀರು ಕಾಣ್ತೈತೆ. ಅದು ದಿನಾ ಬೆಳಿಗ್ಗೆ ಒರೆಸಿ ಒರೆಸಿ ಆಗಿದ್ದು.

ನಮ್ಮ ಧೂಳು ಬೇರೆ ಸಾಮಾನ್ಯದ್ದಲ್ಲ. ನವೆಂಬರಿಂದ ಮೆಕ್ಕೆಜೋಳ, ಭತ್ತ ಎರಡೂ ಕೊಯ್ಲು ಒಕ್ಕಣೆ ಶುರು ಆಗ್ತೈತೆ, ಎಪಿಎಂಸಿ ಕಡೆ ಹೋಗಿ ಬಂದ್ರೆ ಸಾಕು ಕಾರ್ ತುಂಬ ರವದಿ, ಹೊಟ್ಟು. ಮಂಡಕ್ಕಿ ಭಟ್ಟಿ ಕಡೆ, ರೈಸ್ ಮಿಲ್ ಕಡೆ ಮನೆ ಇರೋರಿಗೆ ಬೂದಿ ಬೇರೆ. ಭತ್ತದ ಹೊಟ್ಟು ಸುಟ್ಟ ಬೂದಿ ಕೈಗೆ ಮೆತ್ತಗೆ ಅನ್ಸಿದ್ರೂ ಅದ್ರಲ್ಲಿ ಬಹುಪಾಲು ಸಿಲಿಕಾ, ಪೇಂಟಿಗೆ ಉಪ್ಪುಕಾಗದ ತಿಕ್ಕಿದ ಲೆಕ್ಕಾನೇ. ಚಿತ್ರದುರ್ಗದವ್ರಿಗೆ ಗಾಳಿ ಜಾಸ್ತಿ, ಸುಮ್ನೆ ಅಲ್ಲ ಗುಡ್ಡದ ಮೇಲೆಲ್ಲ ಕರೆಂಟ್ ಮಾಡೋ ಗಾಳಿ ಫ್ಯಾನ್ ನಿಲ್ಸಿರೋದು. ಭೀಮಸಮುದ್ರ, ಹೊಳಲ್ಕೆರೆ ಕಡೆ ಓಡಾಡೋರಿಗಂತೂ ಅದಿರು ಲಾರಿ ಹಿಂದಿನ ಕೆಂಪು ಧೂಳು, ಬಿಳಿ ಕಾರ್ ಇದ್ರೆ ಕಥೆ ಮುಗೀತು.

ಚಳಿ ಅಂತ ನೋಡಿದ್ರೆ ನಮ್ಮಲ್ಲಿ ಬೆಳಗಿನ ಜಾವ 14-15 ಡಿಗ್ರಿ, ಬಹಳ ಅಂದ್ರೆ 12ರ ಹತ್ರ ಇಳೀತೈತೆ, ಅಷ್ಟಕ್ಕೆ ಕಾರಿಗೆ ಏನೂ ಆಗಲ್ಲ, ಕೈಗೆ ಮಾತ್ರ ಆಗ್ತೈತೆ. ನೀರು ಹೆಪ್ಪುಗಟ್ಟೋ ಊರಲ್ಲಿ ಇರೋ ನಮ್ಮ ಹುಡುಗ್ರು, ಇಲ್ಲಿಂದ ಮನಾಲಿ ಕಡೆಗೆ ಗಾಡಿ ಓಡಿಸ್ಕೊಂಡು ಹೋಗೋರು, ಅವ್ರ ವಿಷಯ ಕೊನೆಗೆ ಬರ್ದಿದೀನಿ, ಅಲ್ಲಿ ರೂಲ್ಸೇ ಬೇರೆ.

ಮೊದ್ಲು ನೀರು

ಶಾಂಪೂ ಯಾವ್ದು ಅಂತ ಎಲ್ಲಾರೂ ಕೇಳ್ತಾರೆ, ನೀರು ಯಾವ್ದು ಅಂತ ಯಾರೂ ಕೇಳಲ್ಲ. ನಲ್ಲಿಲಿ ಬರೋದು ಹೊಳೆ ನೀರು. ದಾವಣಗೆರೆಗೆ ರಾಜನಹಳ್ಳಿ ಹತ್ರ ತುಂಗಭದ್ರೆಯಿಂದ, ಆಮೇಲೆ ಭದ್ರಾ ನಾಲೆ ನೀರು ತುಂಬಿಸಿರೋ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಯಿಂದ ಬರ್ತೈತೆ. ದುರ್ಗಕ್ಕೆ ವಾಣಿವಿಲಾಸ ಸಾಗರ, ಶಾಂತಿಸಾಗರದ್ದು. ಈ ನೀರು ಕಾರಿಗೆ ಪರವಾಗಿಲ್ಲ. ಬೋರ್ ನೀರೇ ತಲೆನೋವು. ಬಂಡೆ ಸಂದಿಯಿಂದ ಬರುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸ್ಕೊಂಡೇ ಬರ್ತೈತೆ, ನಿಮ್ಮನೆ ಗೀಸರ್ ಕಾಯಿಲ್ ಬಿಚ್ಚಿದ್ರೆ ಬಿಳಿ ಹೆಕ್ಕಳೆ ಕಟ್ಟಿರ್ತೈತಲ್ಲ, ಶವರ್ ತೂತು ಮುಚ್ಚಿರ್ತೈತಲ್ಲ, ಅದೇ. ಕಾರ್ ಮೇಲೆ ಒಂದು ಹನಿ ಬೋರ್ ನೀರು ಬಿಟ್ರೆ ನೀರು ಆವಿ ಆಗಿ ಹೋಗ್ತೈತೆ, ಸುಣ್ಣದಂಶ ಅಲ್ಲೇ ಕೂತು ಬಿಳಿ ಉಂಗುರ ಆಗ್ತೈತೆ. ಬ್ಯಾಸಿಗೆಲಿ ಮಾತ್ರ ಹಿಂಗಾಗೋದು ಅಂತ ಕೆಲವ್ರು ಅನ್ಕೊಂಡಿರ್ತಾರೆ, ಅಲ್ಲ. ನಮ್ಮ ಚಳಿಗಾಲದ ಹತ್ತು ಗಂಟೆ ಬಿಸಿಲು ಚುರುಕು, ಗಾಳಿ ಒಣಗಾಳಿ, ಹನಿ ಅಲ್ಲೇ ಇಂಗಿ ಹೋಗ್ತೈತೆ.

ನೀರಲ್ಲಿ ಕರಗಿರೋ ಉಪ್ಪಿನಂಶ ಅಳೆಯೋಕೆ ಟಿಡಿಎಸ್ ಮೀಟರ್ ಅಂತ ಪೆನ್ ತರದ್ದು ಆನ್‌ಲೈನಲ್ಲಿ ಕಡಿಮೆ ದುಡ್ಡಿಗೆ ಸಿಗ್ತೈತೆ, ಒಂದು ಸಲ ಅದ್ದಿ ನೋಡ್ರಿ. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಇಟ್ಟಿರೋ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲ ಅಂದಾಗ 2000ದವರೆಗೆ. ಕಾರಿಗೆ ಲೆಕ್ಕ ಇನ್ನೂ ಬಿಗಿ, ಕೊನೇ ನೀರು 100ರ ಒಳಗೆ ಇದ್ರೆ ಕಲೆ ಬೀಳೋ ಮಾತೇ ಕಡಿಮೆ. ಅಷ್ಟು ಕಡಿಮೆ ನೀರು ಎಲ್ಲಿ ಸಿಗ್ತೈತೆ ಅಂದ್ರೆ ನಿಮ್ಮ ಬೀದಿಯಲ್ಲಿರೋ ಶುದ್ಧ ನೀರಿನ ಘಟಕದಾಗೆ, ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಬರ್ತೀವಲ್ಲ ಅಲ್ಲೇ. ಪೂರ್ತಿ ಕಾರ್ ಅದ್ರಲ್ಲಿ ತೊಳೀರಿ ಅಂತ ಹೇಳ್ತಿಲ್ಲ, ಅದು ಪಾಪದ ಕೆಲಸ, ಕೊನೇಗೆ ಒಂದು ಐದು ಲೀಟರ್ ಸಾಕು.

ಇಲ್ಲಿ ಒಂದು ಮಾತು ಸರಿಯಾಗಿ ತಿಳ್ಕೊಳ್ರಿ. ಮನೇಲಿ ಆರ್‌ಓ ಇರೋರು ಪಕ್ಕದ ಪೈಪಿಂದ ಹೋಗೋ ವೇಸ್ಟ್ ನೀರು ಹಿಡಿದಿಟ್ಟು ಕಾರಿಗೆ ಹಾಕ್ತಾರೆ. ಉಳಿತಾಯ ಒಳ್ಳೇದೇ, ಆದ್ರೆ ಮಷಿನ್ ತೆಗೆದು ಹಾಕಿದ ಉಪ್ಪಿನಂಶ ಎಲ್ಲ ಸೇರೋದು ಅದ್ರಲ್ಲೇ, ಬೋರ್ ನೀರಿಗಿಂತ ಗಟ್ಟಿ ಆಗಿರ್ತೈತೆ. ಅದನ್ನ ಟೈರಿಗೆ, ಮ್ಯಾಟಿಗೆ, ಮೊದಲ ಸಲ ಮಣ್ಣು ನೆನೆಸೋಕೆ ಹಾಕ್ರಿ, ಕೊನೇ ನೀರಾಗಿ ಮಾತ್ರ ಬೇಡ.

ಇನ್ನು ಪೈಪ್ ಬಿಟ್ಟು ತೊಳೆಯೋ ಅಭ್ಯಾಸ. ಮನೆ ನಲ್ಲಿ ಪೂರ್ತಿ ತಿರುವಿದ್ರೆ ನಿಮಿಷಕ್ಕೆ ಹತ್ತು ಲೀಟರ್ ಮೇಲೇ ಹೋಗ್ತೈತೆ, ಇಪ್ಪತ್ತು ನಿಮಿಷ ಅಂದ್ರೆ 200 ಲೀಟರ್ ಚರಂಡಿಗೆ. ಬಕೆಟಿನಲ್ಲಿ ಮಾಡಿದ್ರೆ ದೊಡ್ಡ ಕಾರಿಗೂ 50-60 ಲೀಟರಲ್ಲಿ ಮುಗೀತೈತೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂತ ಆರ್ಡರ್ ಮಾಡಿತ್ತು, ನೆನಪಿರ್ಬೇಕು. ನಮ್ಮ ಕಡೆ ಏಪ್ರಿಲ್ ಬಂದ್ರೆ ಟ್ಯಾಂಕರ್ ಹಿಂದೆ ಓಡೋರು ನಾವೇ.

ಏನೇನು ಬೇಕು

ಎರಡು ಬಕೆಟ್, ಒಂದು ಮಗ್ಗು. ಒಂದು ಬಕೆಟ್ ಶಾಂಪೂ ನೀರಿಗೆ, ಇನ್ನೊಂದು ಬರೀ ನೀರಿಗೆ, ಗ್ಲೌಸ್ ಜಾಲಾಡೋಕೆ. ಮೈಕ್ರೋಫೈಬರ್ ವಾಶ್ ಗ್ಲೌಸ್ ಒಂದು, ಒಣಗ್ಸೋಕೆ ದಪ್ಪ ಮೈಕ್ರೋಫೈಬರ್ ಟವೆಲ್ ಎರಡು, ಚಕ್ರಕ್ಕೆ ಬೇರೆ ಬ್ರಷ್ ಬೇರೆ ಬಟ್ಟೆ. ಕಾಟನ್ ಮಿಲ್ಲಿನಿಂದ ಹೆಸರಾದ ಊರಲ್ಲಿ ಕೂತು ಕಾಟನ್ ಬಟ್ಟೆ ಬೇಡ ಅಂತ ಬರೆಯೋಕೆ ನಂಗೂ ಒಂಥರಾ ಆಗ್ತೈತೆ, ಆದ್ರೆ ಹಳೇ ಬನೀನು, ಪಂಚೆ ತುಂಡು ಇವೆಲ್ಲ ಮಣ್ಣನ್ನ ಒಳಗೆ ಎಳ್ಕೊಳ್ಳಲ್ಲ, ಮೇಲೇನೇ ಹೊತ್ಕೊಂಡು ಉಜ್ಜಿಸ್ತಾವೆ. ಬನೀನು ಚಕ್ರಕ್ಕೆ, ಬಾಗ್ಲು ಸಂದಿಗೆ ಇಟ್ಕೊಳ್ರಿ. ಗುಂಡಿ ಇರೋ ಹಳೇ ಅಂಗಿ ಮಾತ್ರ ಕಾರ್ ಹತ್ರಾನೇ ತರ್ಬೇಡ್ರಿ.

ನೀರಿನ ಬಕೆಟ್ ತಳಕ್ಕೆ ಗ್ರಿಟ್ ಗಾರ್ಡ್ ಅಂತ ಜಾಲರಿ ಮಾರ್ತಾರೆ, ಅದಕ್ಕೆ ದುಡ್ಡು ಹಾಕೋದು ಬೇಡ, ತರಕಾರಿ ತೊಳೆಯೋ ಪ್ಲಾಸ್ಟಿಕ್ ಜಾಲರಿ ಬುಟ್ಟಿ ಸಂತೇಲಿ ಸಿಗ್ತೈತಲ್ಲ, ಅದನ್ನ ಬೋರಲು ಹಾಕಿ ಬಿಡ್ರಿ. ಗ್ಲೌಸನ್ನ ಆ ಜಾಲರಿ ಮೇಲೆ ಉಜ್ಜಿದ್ರೆ ಮರಳು ತೂತಿಂದ ಕೆಳಗೆ ಇಳೀತೈತೆ, ಮತ್ತೆ ಮೇಲೆ ಬರಲ್ಲ. ಕೆಲಸ ಮುಗಿದ್ಮೇಲೆ ಬುಟ್ಟಿ ಎತ್ತಿ, ನೀರು ನಿಧಾನಕ್ಕೆ ಬಗ್ಗಿಸಿ, ತಳ ನೋಡ್ರಿ. ಬೆರಳು ಇಟ್ರೆ ಕರಕರ ಅನ್ನೋ ಕೆಂಪು ಮರಳು ಒಂದು ಪದರ ಕೂತಿರ್ತೈತೆ. ಒಂದೇ ಬಕೆಟ್ ಇದ್ದಿದ್ರೆ ಅದೆಲ್ಲ ಮತ್ತೆ ಬಾನೆಟ್ ಮೇಲೆ ಹೋಗಿರೋದು.

ಶಾಂಪೂ ಅಂದ್ರೆ ಕಾರ್ ಶಾಂಪೂ, ಪಿಎಚ್ ನ್ಯೂಟ್ರಲ್ (ಹುಳಿನೂ ಅಲ್ಲ, ಕ್ಷಾರಾನೂ ಅಲ್ಲ) ಅಂತ ಬರ್ದಿರೋದು, ಬಾಟಲಿ ಮೇಲೆ ಎಷ್ಟು ಹಾಕು ಅಂದಿದಾರೋ ಅಷ್ಟೇ ಹಾಕ್ರಿ. ಬಟ್ಟೆ ಪುಡಿ ಬೇಡ, ಪಾತ್ರೆ ತೊಳೆಯೋ ಲಿಕ್ವಿಡ್ಡೂ ಬೇಡ, ಅವು ಜಿಡ್ಡು ತೆಗೆಯೋಕೆ ಹುಟ್ಟಿರೋವು, ವ್ಯಾಕ್ಸ್ ಪದರಾನೂ ಕಿತ್ಕೊಂಡು ಹೋಗ್ತಾವೆ. ಸೀಮೆಎಣ್ಣೆ ಡೀಸೆಲ್ ಹಾಕಿ ಒರೆಸೋ ಹಳೇ ಡ್ರೈವರ್ ವಿದ್ಯೆ ಇನ್ನೂ ಕೆಲವು ಕಡೆ ಐತೆ, ಹತ್ತು ನಿಮಿಷ ಹೊಳೀತೈತೆ, ಹನ್ನೊಂದನೇ ನಿಮಿಷಕ್ಕೆ ಊರಿನ ಧೂಳೆಲ್ಲ ಬಂದು ಅಂಟ್ಕೊಳ್ಳುತ್ತೆ, ಬಾಗ್ಲು, ಗ್ಲಾಸ್ ಅಂಚಿನ ರಬ್ಬರ್ ಬೀಡಿಂಗ್ ಬೇರೆ ಹಾಳು.

ನೀರು ಸಿಂಪಡ್ಸೋಕೆ ಕೈಪಂಪಿನ ಸ್ಪ್ರೇಯರ್ ಇದ್ರೆ ಕೆಲಸ ಸಲೀಸು. ರೈತ್ರು ಬೆನ್ನಿಗೆ ಹಾಕ್ಕೊಳೋ ಸ್ಪ್ರೇಯರ್ರೂ ಆಗ್ತೈತೆ, ಆದ್ರೆ ಹೊಸದು ಆಗಿರ್ಬೇಕು, ಔಷಧಿ ಹೊಡೆದಿರೋದನ್ನ ಎಷ್ಟೇ ತೊಳೆದ್ರೂ ತರ್ಬೇಡ್ರಿ, ಅದು ಪೇಂಟಿನ ಪ್ರಶ್ನೆ ಅಲ್ಲ ನಿಮ್ಮ ಮೈ ಕೈ ಪ್ರಶ್ನೆ.

ಯಾವಾಗ

ಇಬ್ಬನಿ ಇನ್ನೂ ಹಸಿ ಇರುವಾಗ್ಲೇ. ಇಬ್ಬನಿ ರಾತ್ರಿ ಪೂರ್ತಿ ಧೂಳನ್ನ ನೆನೆಸಿ ಇಟ್ಟಿರ್ತೈತೆ, ಅರ್ಧ ಕೆಲಸ ಆಗಿದೆ ಅಂತಾನೇ ಲೆಕ್ಕ. ಒರೆಸೋ ಬದ್ಲು ಅದ್ರ ಮೇಲೆ ಒಂದು ಬಕೆಟ್ ನೀರು ಹೊಡೆದ್ರೆ ಮಣ್ಣು ತಾನಾಗೇ ಜಾರಿ ಹೋಗ್ತೈತೆ. ಒಂಬತ್ತು ಗಂಟೆವರೆಗೆ ಕಾದ್ರೆ ಅದೇ ಇಬ್ಬನಿ ಒಣಗಿ ಧೂಳು ಚುಕ್ಕಿ ಚುಕ್ಕಿಯಾಗಿ ಗಟ್ಟಿ ಹಿಡ್ಕೊಂಡಿರ್ತೈತೆ, ಆಮೇಲೆ ಅದನ್ನ ಬಿಡಿಸೋಕೆ ಡಬಲ್ ನೀರು ಬೇಕು. ಏಳಕ್ಕೆ ಶುರು ಮಾಡಿದ್ರೆ ಎಂಟೂಕಾಲಕ್ಕೆ ಮುಗೀತೈತೆ, ಬಿಸಿಲು ನೆತ್ತಿಗೆ ಬಂದಿರಲ್ಲ, ಬಾನೆಟ್ ತಣ್ಣಗೆ ಇರೋದ್ರಿಂದ ಶಾಂಪೂನೂ ಒಣಗಲ್ಲ. ಬೆಳಿಗ್ಗೆ ಆಗಲ್ಲ ಅನ್ನೋರು ಸಂಜೆ ನಾಲ್ಕರಿಂದ ಐದೂವರೆ ಒಳಗೆ ನೆರಳಲ್ಲಿ ಮಾಡ್ಕೊಳ್ರಿ. ಕತ್ತಲಾದ್ಮೇಲೆ ಬೇಡ, ಸಂದಿ ನೀರು ಒಣಗಲ್ಲ, ಅದ್ರ ಮೇಲೆ ಹೊಸ ಧೂಳು ಹೊಸ ಇಬ್ಬನಿ.

ಕೈಗೆ ಚಳಿ ಆಗ್ತೈತೆ ಅಂತಾನೇ ಜನ ಬೆಳಿಗ್ಗೆ ತೊಳೆಯಲ್ಲ, ಅದಕ್ಕೆ ಶಾಂಪೂ ಬಕೆಟಿಗೆ ಹಂಡೆಯಿಂದಾನೋ ಗೀಸರಿಂದಾನೋ ಬಿಸಿನೀರು ಬೆರೆಸ್ಕೊಳ್ರಿ, ಮಗುಗೆ ಸ್ನಾನ ಮಾಡ್ಸೋವಷ್ಟು ಉಗುರು ಬೆಚ್ಚಗೆ ಸಾಕು, ನೊರೆನೂ ಚೆನ್ನಾಗಿ ಬರ್ತೈತೆ. ಕುದಿಯೋ ನೀರು ತಂದು ಗ್ಲಾಸಿನ ಮೇಲೆ ಹುಯ್ಯೋದು ಮಾತ್ರ ಬೇಡ, ಮೊದ್ಲೇ ಕಲ್ಲು ಬಡಿದು ಸಣ್ಣ ಚಿಪ್ ಇರೋ ಗ್ಲಾಸ್ ಆದ್ರೆ ಗೀರು ಓಡಿ ಹೋಗ್ತೈತೆ. ಅಡುಗೆಮನೆ ರಬ್ಬರ್ ಗ್ಲೌಸ್ ಇದ್ರೆ ಹಾಕ್ಕೊಳ್ರಿ. ಇಲ್ಲ ಅಂದ್ರೆ ಮುಗಿದ ಮೇಲೆ ಕೈಗೆ ಕೊಬ್ರಿ ಎಣ್ಣೆ, ಚಳಿಗಾಲದಾಗೆ ಶಾಂಪೂ ಮುಟ್ಟಿದ ಕೈ ಎರಡೇ ದಿನಕ್ಕೆ ಒಡೆಯುತ್ತೆ.

ಈಗ ಕೆಲಸ

ನೀರು ಮುಟ್ಟೋಕೆ ಮೊದ್ಲು ಮಂಡಿ ಊರಿ ಕಾರ್ ಅಡಿ ಒಂದು ಸಲ ನೋಡ್ರಿ. ಇದನ್ನ ಯಾವ ವಿಡಿಯೋದಲ್ಲೂ ಹೇಳಲ್ಲ, ಯಾಕಂದ್ರೆ ಅವ್ರ ಊರಲ್ಲಿ ರಸ್ತೆ ಮೇಲೆ ಒಕ್ಕಣೆ ನಡೆಯಲ್ಲ. ನಮ್ಮ ಕಡೆ ಈ ಟೈಮಲ್ಲಿ ರಾಗಿ, ಹುರುಳಿ, ತೊಗರಿ ಎಲ್ಲದಕ್ಕೂ ಟಾರ್ ರೋಡೇ ಕಣ. ಅದ್ರ ಮೇಲೆ ಕಾರ್ ಹೋದ್ರೆ ಹುರುಳಿ ಬಳ್ಳಿ, ರಾಗಿ ಹುಲ್ಲು ಆಕ್ಸಲ್ಲಿಗೆ ಹಗ್ಗದ ಹಾಗೆ ಸುತ್ಕೊಳ್ಳುತ್ತೆ, ಸೈಲೆನ್ಸರ್ ಮೇಲೆ ಸಿಕ್ಕಾಕ್ಕೊಂಡಿರ್ತೈತೆ. ಸೈಲೆನ್ಸರ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಓಡುವಾಗ ನೂರಾರು ಡಿಗ್ರಿ ಕಾದಿರ್ತಾವೆ, ಒಣ ಹುಲ್ಲು ಹತ್ಕೊಂಡು ಕಾರಿಗೆ ಕಾರೇ ಸುಟ್ಟು ಹೋಗಿರೋದು ಈ ಭಾಗದಾಗೆ ಹೊಸ ಸುದ್ದಿ ಅಲ್ಲ. ಹಂಗಾಗಿ ಹಳ್ಳಿ ಕಡೆ ಹೋಗಿ ಬಂದಿದ್ರೆ, ಗಾಡಿ ಪೂರ್ತಿ ತಣ್ಣಗಾದ ಮೇಲೆ, ಮುಂದಿನ ಚಕ್ರ ಒಂದು ಕಡೆ ಪೂರ್ತಿ ತಿರುಗ್ಸಿ ಒಳಗೆ ಕೈ ಹಾಕಿ ಹುಲ್ಲು ಎಳೆದು ಹಾಕ್ರಿ. ಬರ್ಲಿಲ್ಲ ಅಂದ್ರೆ ಕುಡುಗೋಲಿಂದ ಎಳೆಯೋಕೆ ಹೋಗ್ಬೇಡ್ರಿ, ಅಲ್ಲೇ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋದು) ಸೆನ್ಸರ್ ವೈರು, ಬ್ರೇಕ್ ಪೈಪು ಎಲ್ಲ ಇರ್ತೈತೆ, ಕತ್ತರಿಯಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸಿ ಬಿಡಿಸ್ರಿ.

ಆಮೇಲೆ ಚಕ್ರ. ಮೊದ್ಲು ಚಕ್ರ ಯಾಕಂದ್ರೆ ಅದ್ರ ರಾಡಿ ಬಾಡಿ ಮೇಲೆ ಎಗರ್ತೈತೆ, ಬಾಡಿ ತೊಳೆದ್ಮೇಲೆ ಚಕ್ರಕ್ಕೆ ಹೋದ್ರೆ ಎರಡು ಕೆಲಸ. ಹೈವೇಲಿ ಈಗಷ್ಟೇ ಓಡಿಸ್ಕೊಂಡು ಬಂದಿದ್ರೆ ಅರ್ಧ ಗಂಟೆ ಬಿಟ್ಟು ಮುಟ್ರಿ, ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಬಿದ್ರೆ ಸೊಟ್ಟ ಆಗೋ ಚಾನ್ಸ್ ಐತೆ, ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಸ್ಟೇರಿಂಗ್ ನಡುಗ್ತೈತೆ. ಮಡ್‌ಗಾರ್ಡ್ ಒಳಗಿನ ಮಣ್ಣನ್ನೂ ಬ್ರಷ್ ಹಾಕಿ ಕೆಡವಿ, ಅಲ್ಲಿ ಹಸಿ ಮಣ್ಣು ಕೂತಷ್ಟು ದಿನ ತುಕ್ಕು. ಚಕ್ರದ ಬಟ್ಟೆ, ಬ್ರಷ್ ಅಲ್ಲೇ ಪಕ್ಕಕ್ಕಿಡ್ರಿ, ಮತ್ತೆ ಬಾಡಿ ಹತ್ರ ತರೋ ಹಾಗಿಲ್ಲ.

ಈಗ ಮೇಲಿಂದ ನೀರು. ರೂಫಿಂದ ಶುರು, ಮಗ್ಗಿನಲ್ಲಿ ಎರಚಬ್ಯಾಡ್ರಿ, ಅಂಚಿಗೆ ಹಿಡ್ದು ಸುರೀರಿ, ನೀರು ಹಾಳೆ ತರ ಹರಿದು ಮಣ್ಣನ್ನ ಎಳ್ಕೊಂಡು ಹೋಗ್ಬೇಕು. ಒಂದು ಬಕೆಟ್ಟು ಇದಕ್ಕೇ ಖರ್ಚಾದ್ರೂ ಚಿಂತೆ ಇಲ್ಲ, ಕೈ ಇಡೋಕೆ ಮೊದ್ಲು ಹೋದ ಮಣ್ಣೇ ಲಾಭ. ಪ್ರೆಷರ್ ವಾಷರ್ ಇರೋರು ಅಗಲ ನಾಝಲ್ ಹಾಕಿ ಒಂದೂವರೆ ಅಡಿ ದೂರ ಇಟ್ಕೊಳ್ರಿ, ರಬ್ಬರ್ ಬೀಡಿಂಗ್ ಸಂದಿಗೆ, ಪೇಂಟ್ ಎದ್ದಿರೋ ಜಾಗಕ್ಕೆ ನೇರ ಹೊಡೀಬೇಡ್ರಿ. ಇಂಜಿನ್ ಬಾನೆಟ್ ಎತ್ತಿ ಒಳಗೆ ಹೊಡೆಯೋರಿಗೆ ಕೈ ಮುಗೀತೀನಿ, ಅದು ಬಿಟ್ಬಿಡ್ರಿ.

ಶಾಂಪೂ ಹಾಕೋದು ರೂಫ್, ಗ್ಲಾಸ್, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲ್ಭಾಗ, ಕೊನೇಗೆ ಬಾಗಿಲ ಕೆಳಭಾಗ ಮತ್ತು ಬಂಪರ್, ಇದೇ ಆರ್ಡರಲ್ಲಿ. ಗ್ಲೌಸನ್ನ ನೊರೆಲಿ ಅದ್ದಿ ಒತ್ತದೆ ಎಳೀರಿ, ಗ್ಲೌಸಿನ ಭಾರವೇ ಸಾಕು, ಮತ್ತೆ ಗೋಲ ಗೋಲ ತಿರುಗಿಸ್ಬೇಡ್ರಿ, ಉದ್ದಕ್ಕೆ ನೇರ ಗೆರೆ. ಅರ್ಧ ಬಾನೆಟ್ ಆದ್ಮೇಲೆ ಗ್ಲೌಸ್ ತಿರುಗ್ಸಿ ಇನ್ನೊಂದು ಮೈ, ಅದಾದ್ಮೇಲೆ ಬರೀ ನೀರಿನ ಬಕೆಟಲ್ಲಿ ಜಾಲರಿ ಮೇಲೆ ಉಜ್ಜಿ ಹಿಂಡಿ ಮತ್ತೆ ಶಾಂಪೂಗೆ. ಗ್ಲೌಸ್ ನೆಲಕ್ಕೆ ಬಿತ್ತಾ, ಮುಗೀತು, ಅದನ್ನ ಸೀದಾ ತೊಳೆಯೋಕೆ ಹಾಕಿ ಬೇರೆ ತಗೊಳ್ರಿ, ಒಂದು ಕಲ್ಲಿನ ಚೂರು ಸಿಕ್ಕಾಕ್ಕೊಂಡ್ರೆ ಇಷ್ಟೊತ್ತಿನ ಶ್ರಮ ಎಲ್ಲ ಹಾಳು. ಒಂದೊಂದು ಭಾಗ ಸೋಪ್ ಹಾಕಿದ ಹಾಗೇ ನೀರು ಬಿಟ್ಟು ತೊಳೀತಾ ಹೋಗ್ರಿ, ಪೂರ್ತಿ ಕಾರಿಗೆ ನೊರೆ ಬಳಿದು ಫೋಟೋ ತೆಗೀತಾ ನಿಂತ್ರೆ ನಮ್ಮ ಒಣಗಾಳಿಗೆ ನೊರೆ ಒಣಗಿ ಪಟ್ಟೆ ಪಟ್ಟೆ ಆಗ್ತೈತೆ.

ಎಲ್ಲ ಮುಗಿದ ಮೇಲೆ ಕ್ಯಾನ್ ನೀರು. ಐದು ಲೀಟರನ್ನ ಸ್ಪ್ರೇಯರಿಗೆ ಹಾಕಿ ರೂಫಿಂದ ಕೆಳಗೆ ನಿಧಾನಕ್ಕೆ ಹೊಡೀತಾ ಬನ್ನಿ. ಬೋರ್ ನೀರನ್ನ ತಳ್ಳಿ ಆ ಜಾಗಕ್ಕೆ ಕಡಿಮೆ ಉಪ್ಪಿನ ನೀರು ಕೂರ್ಸೋದು ಅಷ್ಟೇ ಇದ್ರ ಉದ್ದೇಶ, ಸಂದಿಲಿ ಆಮೇಲೆ ಒಂದೆರಡು ಹನಿ ಇಳಿದ್ರೂ ಬಿಳಿ ಕಲೆ ಆಗಲ್ಲ.

ಒಣಗ್ಸೋದು ಅರ್ಧ ಕೆಲಸ

ಇಲ್ಲೇ ಎಲ್ಲರೂ ಕೈ ಬಿಡೋದು. ಬಿಸಿಲಿಗೆ ನಿಲ್ಸಿದ್ರೆ ಒಣಗ್ತೈತೆ ಬಿಡು ಅಂತಾರೆ. ಬೇಡ. ಟವೆಲನ್ನ ಸ್ವಲ್ಪ ಹಸಿ ಮಾಡಿ ಹಿಂಡಿ, ಬಾನೆಟ್ ಮೇಲೆ ಹಾಸಿ, ಎರಡೂ ತುದಿ ಹಿಡ್ದು ನಿಮ್ಮ ಕಡೆ ಎಳ್ಕೊಳ್ರಿ, ಉಜ್ಜೋ ಮಾತೇ ಇಲ್ಲ. ಗ್ಲಾಸಿಗೆ ಇನ್ನೊಂದು ಟವೆಲ್.

ಕಾರ್ ಒಣಗ್ತು ಅಂತ ಒಳಗೆ ಬಂದು ಟೀ ಕುಡಿದು ಮತ್ತೆ ಹೊರಗೆ ಹೋಗಿ ನೋಡ್ರಿ, ಸೈಡ್ ಮಿರರ್ ಕೆಳಗಿಂದ ಬಾಗಿಲ ಮೇಲೆ ಒಂದು ಸಣ್ಣ ಗೆರೆ ಇಳಿದಿರ್ತೈತೆ, ಹ್ಯಾಂಡಲ್ ಕೆಳಗೆ ಇನ್ನೊಂದು, ನಂಬರ್ ಪ್ಲೇಟ್ ಹಿಂದಿಂದ ಮತ್ತೊಂದು. ಒಳಗೆ ಅಡಗಿದ್ದ ನೀರು ನಿಧಾನಕ್ಕೆ ಬರ್ತಾ ಇರ್ತೈತೆ. ಹಂಗಾಗಿ ಮಿರರನ್ನ ಎರಡು ಸಲ ಮಡಚಿ ಬಿಡಿಸಿ, ಬಾಗ್ಲು ನಾಲ್ಕೂ ತೆಗೆದು ಅಂಚು ಒರೆಸಿ, ಡಿಕ್ಕಿ ತೆಗೆದು ರಬ್ಬರ್ ಸುತ್ತ ಒರೆಸಿ, ಪೆಟ್ರೋಲ್ ಮುಚ್ಚಳದ ಸಂದಿನೂ ಬಿಡ್ಬೇಡ್ರಿ. ಬಾಗಿಲ ತಳದಾಗೆ ನೀರು ಹೋಗೋಕೆ ಸಣ್ಣ ತೂತು ಇರ್ತಾವೆ, ಹೊಟ್ಟು ಮಣ್ಣು ಸೇರಿ ಮುಚ್ಚಿರ್ತಾವೆ, ಊದಿನಕಡ್ಡಿಯ ಬಿದಿರು ಕಡ್ಡಿ ಹಾಕಿ ಬಿಡಿಸ್ರಿ. ವೈಪರ್ ಕೆಳಗಿನ ಜಾಲರಿಲಿ ಹೊಂಗೆ ಎಲೆ ತುಂಬಿದ್ರೆ ಅದನ್ನೂ ಆರಿಸಿ ತೆಗೀರಿ.

ಆಮೇಲೆ ಒಂದು ರೌಂಡ್ ಹೋಗಿ ಬನ್ರಿ, ಪಿ.ಬಿ. ರೋಡವರೆಗೆ ಹೋಗಿ ಒಂದು ಬೆಣ್ಣೆ ದೋಸೆ ತಿಂದು ಬಂದ್ರೂ ನಡೀತೈತೆ, ದಾರಿಲಿ ಮೆತ್ತಗೆ ನಾಲ್ಕೈದು ಸಲ ಬ್ರೇಕ್ ಒತ್ತಿದ್ರೆ ಡಿಸ್ಕ್, ಡ್ರಮ್ ನೀರು ಆರ್ತೈತೆ. ತೊಳೆದ ತಕ್ಷಣ ಹ್ಯಾಂಡ್ ಬ್ರೇಕ್ ಎಳೆದು ಮೂರ್ನಾಲ್ಕು ದಿನ ಗಾಡಿ ನಿಲ್ಲಿಸಿದ್ರೆ ಹಿಂದಿನ ಡ್ರಮ್ಮಿನ ಶೂ ತುಕ್ಕಿಗೆ ಹಿಡ್ಕೊಂಡ್ಬಿಡ್ತೈತೆ, ಗೇರಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಡ್ರಿ. ಮರುದಿನ ಡಿಸ್ಕ್ ಮೇಲೆ ಕಿತ್ತಳೆ ಬಣ್ಣ ಕಂಡ್ರೆ ಹೆದರೋದು ಬೇಡ, ಎರಡು ಸಲ ಬ್ರೇಕ್ ಹಾಕಿದ್ರೆ ಹೋಗ್ತೈತೆ.

ಹಳೇ ಕಲೆಗಳು

ಈಗಾಗ್ಲೇ ಬಿಳಿ ಉಂಗುರ ಇದ್ರೆ ಬಿಳಿ ವಿನೆಗರ್ ಅರ್ಧ, ಕ್ಯಾನ್ ನೀರು ಅರ್ಧ ಬೆರೆಸಿ ಬಟ್ಟೆ ನೆನೆಸಿ ಕಲೆ ಮೇಲೆ ಒಂದು ನಿಮಿಷ ಇಟ್ಟು, ಮೆತ್ತಗೆ ಒರೆಸಿ, ಚೆನ್ನಾಗಿ ನೀರು ಬಿಡ್ರಿ. ಸುಣ್ಣದಂಶ ಹುಳಿಗೆ ಕರಗ್ತೈತೆ. ನೆರಳಲ್ಲೇ ಮಾಡ್ಬೇಕು. ಹುಳಿ ತಾನೇ ಅಂತ ಹುಣಸೆಹಣ್ಣು ತರ್ಬೇಡ್ರಿ, ಅದು ಹಿತ್ತಾಳೆ ಚೆಂಬಿಗೆ ಸರಿ, ಅದ್ರ ನಾರು, ಮರಳು ಪೇಂಟಿಗೆ ಆಗಲ್ಲ. ಎರಡು ಸಲಕ್ಕೂ ಹೋಗ್ಲಿಲ್ಲ ಅಂದ್ರೆ ಕಲೆ ಕ್ಲಿಯರ್ ಕೋಟನ್ನ ತಿಂದಿದೆ ಅಂತ, ಪಾಲಿಶ್ ಮಾಡ್ಸೋದೇ ದಾರಿ. ಹಕ್ಕಿ ಹಿಕ್ಕೆ, ಹೈವೇ ಹುಳ ಇದ್ರೆ ಒದ್ದೆ ಬಟ್ಟೆ ಹತ್ತು ನಿಮಿಷ ಹಾಕಿ ನೆನೆದ್ಮೇಲೆ ಎತ್ರಿ, ಉಗುರಲ್ಲಿ ಕೆರೆಯೋಕೆ ಹೋಗ್ಬೇಡ್ರಿ. ಚಳಿಗಾಲ ಶುರು ಆಗೋ ಮುಂಚೆ ಒಂದು ಸಲ ವ್ಯಾಕ್ಸ್ ಹಾಕಿದ್ರೆ ಇದೆಲ್ಲ ಅರ್ಧಕ್ಕರ್ಧ ಸುಲಭ.

ವಾರಕ್ಕೊಂದು ಸಲ ತೊಳೆದ್ರೆ ಬೇಕಾದಷ್ಟಾಯ್ತು. ಮಧ್ಯದ ದಿನಗಳಲ್ಲಿ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಇಬ್ಬನಿ ಇದ್ರೆ ವೈಪರ್ ನೀರು ಬಿಟ್ಟು ಮುಂದಿನ ಗ್ಲಾಸ್, ಹಿಂದಿನ ಗ್ಲಾಸ್, ಮಿರರ್ ಮಾತ್ರ ಕ್ಲೀನ್ ಮಾಡ್ಕೊಂಡು ಹೊರಡ್ರಿ. ಬಾಡಿ ಮೇಲಿನ ಇಬ್ಬನಿ ಅದ್ರ ಪಾಡಿಗೆ ಅದು ಆರ್ಲಿ.

ನಿಜವಾಗ್ಲೂ ಹೆಪ್ಪುಗಟ್ಟೋ ಕಡೆ ಇರೋರಿಗೆ

ಕೆನಡಾ, ಜರ್ಮನಿ ಕಡೆ ಕೆಲಸಕ್ಕೆ ಹೋಗಿರೋ ನಮ್ಮ ಹುಡುಗ್ರು ಇಲ್ಲಿಯ ಅಭ್ಯಾಸದಾಗೆ ಬಕೆಟ್ ಹಿಡ್ಕೊಂಡು ಹೊರಗೆ ಬಂದ್ರೆ ಕಷ್ಟ. ಸೊನ್ನೆ ಡಿಗ್ರಿ ಕೆಳಗೆ ನೀರು ಕಾರ್ ಮೇಲೇ ಐಸ್ ಆಗ್ತೈತೆ, ನೆಲಕ್ಕೆ ಬಿದ್ದದ್ದೂ ಐಸ್ ಆಗಿ ನೀವೇ ಜಾರಿ ಬೀಳ್ತೀರಿ. ಆದ್ರೆ ಅಲ್ಲಿ ತೊಳೆಯದೆ ಬಿಡೋ ಹಾಗೂ ಇಲ್ಲ, ಯಾಕಂದ್ರೆ ರಸ್ತೆಗೆ ಉಪ್ಪು ಹಾಕ್ತಾರೆ. ಉಪ್ಪು ಬೆರೆತ ನೀರು ಗಟ್ಟಿ ದ್ರಾವಣ ಆದಾಗ ಮೈನಸ್ 21 ಡಿಗ್ರಿವರೆಗೂ ಹೆಪ್ಪುಗಟ್ಟಲ್ಲ, ಅದಕ್ಕೇ ಹಾಕೋದು, ಅದೇ ಉಪ್ಪು ನೀರು ಕಾರಿನ ಅಡಿಗೆ ಸೇರಿ ಕಬ್ಬಿಣ ತಿನ್ನುತ್ತೆ. ಅಲ್ಲಿ ಬಾನೆಟ್ ಹೊಳಪಿಗಿಂತ ಅಡಿಭಾಗ ತೊಳೆಯೋದೇ ಮುಖ್ಯ.

ಹಂಗಾಗಿ 4-5 ಡಿಗ್ರಿ ದಾಟಿ ಬಿಸಿಲು ಬಂದ ಮಧ್ಯಾಹ್ನ ನೋಡ್ಕೊಂಡು ಮಾಡ್ರಿ, ಬೇಸ್‌ಮೆಂಟ್ ಪಾರ್ಕಿಂಗ್ ಇದ್ದು ಪರ್ಮಿಷನ್ ಇದ್ರೆ ಇನ್ನೂ ಒಳ್ಳೇದು. ಮೊದ್ಲು ಹಿಮವನ್ನ ಮೆತ್ತನೆ ಫೋಮ್ ಬ್ರಷಲ್ಲಿ ತಳ್ಳಿ, ಬಾಡಿ ಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್ ಮುಟ್ಟಿಸ್ಬೇಡ್ರಿ, ಅದು ಗ್ಲಾಸಿಗೆ ಮಾತ್ರ. ರಿನ್ಸ್‌ಲೆಸ್ ವಾಶ್ ಅಂತ ಲಿಕ್ವಿಡ್ ಸಿಗ್ತೈತೆ, ಒಂದು ಬಕೆಟ್ ಬೆಚ್ಚಗಿನ ನೀರಿಗೆ ಸ್ವಲ್ಪ ಹಾಕಿ ಭಾಗ ಭಾಗ ಒರೆಸಿ ಅಲ್ಲೇ ಒಣಗ್ಸೋದು, ಮತ್ತೆ ನೀರು ಬಿಡೋ ಕೆಲಸ ಇಲ್ಲ, ಆದ್ರೆ ದಪ್ಪ ಮಣ್ಣು ಉಪ್ಪು ಇದ್ರೆ ಮೊದ್ಲು ಅದನ್ನ ನೀರು ಹೊಡೆದು ಇಳಿಸ್ಲೇಬೇಕು.

ತೊಳೆದ ಮೇಲೆ ಬಾಗಿಲಿನ ರಬ್ಬರ್ ಪೂರ್ತಿ ಒಣಗಿಸಿ ಸಿಲಿಕಾನ್ ಸ್ಪ್ರೇ ಬಟ್ಟೆಗೆ ಹಾಕಿ ಸವರ್ರಿ. ಇಲ್ಲ ಅಂದ್ರೆ ಬೆಳಿಗ್ಗೆ ಬಾಗ್ಲು ಹೆಪ್ಪುಗಟ್ಟಿ ಕೂತಿರ್ತೈತೆ, ಜೋರಾಗಿ ಎಳೆದ್ರೆ ರಬ್ಬರ್ ಕಿತ್ಕೊಂಡು ಬರ್ತೈತೆ. ಕೀ ಹಾಕೋ ತೂತಿಗೆ ನೀರು ಹೋಗ್ಬಾರ್ದು. ಹ್ಯಾಂಡ್ ಬ್ರೇಕ್ ಎಳೀಬೇಡ್ರಿ, ಕೇಬಲ್ ಒಳಗಿನ ನೀರು ಐಸ್ ಆದ್ರೆ ಬಿಡಲ್ಲ, ಸಮತಟ್ಟು ಜಾಗದಾಗೆ ಗೇರಲ್ಲಿ ನಿಲ್ಸಿ. ವೈಪರ್ ಎತ್ತಿ ಇಡ್ರಿ.

ಇಲ್ಲಿಂದ ಕಾರ್ ತಗೊಂಡು ಮನಾಲಿ ದಾಟಿ, 2020ರಲ್ಲಿ ಶುರುವಾದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗದ ಆಚೆ ಲಾಹೌಲ್ ಕಡೆಗೆ ಚಳಿಗಾಲದಾಗೆ ಹೋಗೋರು ಈಗ ಜಾಸ್ತಿ ಆಗಿದಾರೆ. ನಮ್ಮ ಕಡೆ ವೈಪರ್ ಟ್ಯಾಂಕಿಗೂ ಬೋರ್ ನೀರು, ರೇಡಿಯೇಟರಿಗೂ ಬೋರ್ ನೀರು ಹಾಕೋ ಅಭ್ಯಾಸ ಇರೋರು ಬಹಳ ಜನ. ಅಲ್ಲಿ ಎರಡೂ ಹೆಪ್ಪುಗಟ್ಟುತ್ತೆ, ಐಸ್ ಆದಾಗ ನೀರು ಹಿಗ್ಗೋದ್ರಿಂದ ಟ್ಯಾಂಕ್ ಸೀಳ್ತೈತೆ, ರೇಡಿಯೇಟರ್ ಆದ್ರೆ ಖರ್ಚು ಕೇಳೋದೇ ಬೇಡ. ಹೊರಡೋ ಮುಂಚೆ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕ್ಸಿ, ವೈಪರ್ ಟ್ಯಾಂಕ್ ಖಾಲಿ ಮಾಡಿ ಚಳಿಗಾಲದ ವಾಷರ್ ಫ್ಲೂಯಿಡ್ ತುಂಬಿಸ್ರಿ.

ಊರಿಗೆ ವಾಪಸ್ ಬಂದ ಮೇಲೆ ಮನೆ ಮುಂದೆ ತೊಳೆಯೋಕೆ ಮುಂಚೆ ಒಂದು ಸಲ ಸರ್ವಿಸ್ ಸ್ಟೇಷನಿನ ಲಿಫ್ಟ್ ಮೇಲೆ ಏರ್ಸಿ ಅಡಿಗೆ ಬರೀ ನೀರು ಹೊಡೆಸ್ರಿ, ಸೋಪು ಬೇಡ, ಮಡ್‌ಗಾರ್ಡ್ ಒಳಗೆ, ಸಸ್ಪೆನ್ಷನ್ ಸಂದಿಗೆ, ಸೈಲೆನ್ಸರ್ ಕ್ಲಾಂಪ್ ಹತ್ರ ಹೆಚ್ಚು ಹೊತ್ತು. ಒಣಗಿದ ಮೇಲೆ ಅವ್ರ ಕೈಲಿ ಟಾರ್ಚ್ ಇಸ್ಕೊಂಡು ನೀವೇ ಅಡಿಗೆ ಹೋಗಿ ನೋಡ್ರಿ, ಬೆಸುಗೆ ಹಾಕಿರೋ ಜಾಗದಾಗೆ ಬಿಳಿ ಪುಡಿ ಇನ್ನೂ ಕಂಡ್ರೆ ಮತ್ತೊಂದು ಸಲ ಹೊಡೆಸ್ರಿ.